ನಲವತ್ತೇಳು ನಂಬರಿನ ಹುಡುಗಿ

ಕೊಲ್ಮಾಯೆರ್
14 ಅಕ್ಟೋಬರ್ 2024

ಪೂಜ್ಯ ಸಿಸ್ಟರ್ ಎರ್ಮೆಲಿಂದಾ ಅವರಿಗೆ,

ಮೊದಲು ಯೋಗಕ್ಷೇಮ ಕೇಳಿ ಆಮೇಲೆ ವಿಷಯಕ್ಕೆ ಬರಬೇಕು ಎಂದು ನೀವೇ ಕಲಿಸಿದ್ದು. ಹೇಗಿದ್ದೀರಿ? ಮಂಡಿನೋವು ಹೇಗಿದೆ? ಸರಿ, ಈಗ ವಿಷಯಕ್ಕೆ ಬರುತ್ತೇನೆ. ನಾನು ಜಗಳ ಕಾಯುವುದಕ್ಕೇ ಬರೆಯುತ್ತಿದ್ದೇನೆ.

ಅಕ್ಷರದಿಂದ ಗುರುತು ಸಿಗದಿದ್ದರೆ ಹೇಳಿಬಿಡುತ್ತೇನೆ. ನಾನು ಇಲ್ಡಾ ಗೊರ್ತಾನಿ. ಪ್ರಾಮೊಲಿನ್‌ನ ಸಂತ ಅಪೊಲೋನಿಯಾ ಕಾಲೇಜಿನಲ್ಲಿ ಟೀಚರ್ ಆಗಲು ಓದಿದವಳು, ನಿಮ್ಮ ಬಟ್ಟೆಕೋಣೆಯಲ್ಲಿ ಇಸ್ತ್ರಿ ಮಾಡಿ ಕೈ ಸುಟ್ಟುಕೊಂಡವಳು. ಕಾಲೇಜು ಮುಚ್ಚಿ ಮೂವತ್ತು ವರ್ಷವಾಯಿತು. ಈಗ ಊರಿನ ಗ್ರಂಥಾಲಯದವರು ಅಲ್ಲಿನ ಪೆಟ್ಟಿಗೆಗಳನ್ನೆಲ್ಲ ತೆರೆದು, ಒಂದೊಂದು ಕಾಗದವನ್ನೂ ಫೋಟೊವನ್ನೂ ಸ್ಕ್ಯಾನ್ ಮಾಡಿ, ಲೋಕಕ್ಕೆಲ್ಲ ಕಾಣುವಂತೆ ಕಂಪ್ಯೂಟರಿನಲ್ಲಿ ಇಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಬೇಸಿಗೆಯಿಡೀ ನಾನೂ ನೋಡುತ್ತ ಕೂತೆ. ಊಟದ ಕೋಣೆಯ ಉದ್ದನೆಯ ಮೇಜು, ಶ್ರುತಿ ತಪ್ಪಿದ ಪಿಯಾನೋ, ಹಿಮದಲ್ಲಿ ಸಾಲಾಗಿ ನಿಂತು ನಗು ತಡೆಯುತ್ತಿರುವ ಹುಡುಗಿಯರು. ನೋಡುತ್ತ ನೋಡುತ್ತ ಒಲೆಯ ಮೇಲಿದ್ದ ಪೊಲೆಂಟಾ ಎರಡು ಸಲ ಸೀದುಹೋಯಿತು.

ಆದರೆ ಕಳೆದ ವಾರ ಅವರು ಶಿಸ್ತಿನ ಪುಸ್ತಕವನ್ನೂ ಹಾಕಿದ್ದಾರೆ. 1967ರ ಮಾರ್ಚ್ 24, ಶುಭ ಶುಕ್ರವಾರದ ಪುಟ. ‘ನಂ. 47 ಗಂಟೆ ಬಾರಿಸಿದಳು. ಮನೆಗೆ ಕಳುಹಿಸಲಾಗಿದೆ.’ ಅದರ ಕೆಳಗೆ ಗ್ರಂಥಾಲಯದವರ ಟಿಪ್ಪಣಿ: ‘ನಂ. 47, ಇಲ್ಡಾ ಗೊರ್ತಾನಿ.’ ಪಕ್ಕದಲ್ಲಿ ಎರಡು ಜಡೆಯ ನನ್ನ ಫೋಟೊ!

ಏಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ, ಊರಿನ ಎಲ್ಲ ಗಂಟೆಗಳ ಹಗ್ಗ ಕಟ್ಟಿಟ್ಟಿರುವ ದಿನ, ಗಂಟೆಯ ಬದಲು ಮರದ ಹಲಗೆ ಬಡಿದು ಪ್ರಾರ್ಥನೆಗೆ ಕರೆಯುವ ದಿನ, ಗಂಟೆ ಬಾರಿಸಿದವಳು ನಾನಂತೆ. ಕಾಲೇಜಿನಿಂದ ಹೊರಬಿದ್ದವಳೂ ನಾನಂತೆ. ಹಾಗಾದರೆ ನನ್ನ ಸರ್ಟಿಫಿಕೇಟು ಎಲ್ಲಿಂದ ಬಂತು? ಮೂವತ್ತೆಂಟು ವರ್ಷ ಈ ಕಣಿವೆಯ ಮಕ್ಕಳಿಗೆ ಅಕ್ಷರ ಕಲಿಸಿದವಳು ಯಾರು? ಏಳರ ಮಗ್ಗಿ ಬಾರದೆ ಒದ್ದಾಡುತ್ತಿದ್ದ ಟೀಟಾ ನಿನ್ನೆ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಕೇಳಿದ: “ಏನ್ ಟೀಚರ್, ನಮ್ ಕಿವಿ ನೀವು ಹಿಂಡ್ತಿದ್ರಿ. ನಿಮ್ ಕಿವಿ ಯಾರು ಹಿಂಡಿದ್ರು ಹೇಳಿ ನೋಡೋಣ!” ಅಂಗಡಿಯವಳೂ ಕಿಸಕ್ಕನೆ ನಕ್ಕಳು.

ಗ್ರಂಥಾಲಯದ ಹುಡುಗಿ ದಾರಿಯಾ ನಿಮ್ಮನ್ನು ಕೇಳಿಯೇ ಹೆಸರುಗಳನ್ನು ಬರೆಯುತ್ತಾಳಂತೆ. ದಯವಿಟ್ಟು ತಿದ್ದಿಸಿ. ಈ ವಯಸ್ಸಿನಲ್ಲಿ ನನಗೆ ಈ ಮರ್ಯಾದೆ ಬೇಕಾಗಿರಲಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಇಲ್ಡಾ


ಸಿಸ್ಟರ್‌ಗಳ ವಿಶ್ರಾಂತಿಗೃಹ, ಉದಿನೆ
2 ನವೆಂಬರ್ 2024

ಮಗಳೇ ಇಲ್ಡಾ,

ನಿನ್ನ ಅಕ್ಷರ ಗುರುತು ಸಿಗದೆ ಏನು? ಗೆರೆಯ ಮೇಲೆ ನಿಲ್ಲದೆ ಬೆಟ್ಟ ಹತ್ತುವ ಅಕ್ಷರ. ಕೋಪವೂ ಹಳೆಯದೇ, ಮೂಗಿನ ತುದಿಯಲ್ಲೇ ಇದೆ. ಎಂಬತ್ತೊಂಬತ್ತಕ್ಕೆ ನನಗೆ ಅದೆಲ್ಲ ಹಿತವಾಗಿಯೇ ಇದೆ, ಬೈಯುವವರೂ ಈಚೆಗೆ ಕಡಿಮೆಯಾಗಿದ್ದಾರೆ.

ತಪ್ಪು ದಾರಿಯಾಳದಲ್ಲ, ನನ್ನದು. ಗುರುವಾರ ಗುರುವಾರ ಅವಳು ಇಲ್ಲಿಗೆ ಬರುತ್ತಾಳೆ. ಮಡಿಲ ಮೇಲೆ ಆ ಹೊಳೆಯುವ ಹಲಗೆ ಇಟ್ಟುಕೊಂಡು ಒಂದೊಂದೇ ಫೋಟೊ ತೋರಿಸುತ್ತಾಳೆ. ಕತ್ತಲಾದ ಕಿಟಕಿಯಲ್ಲಿ ಯಾರೋ ದೀಪ ಹಿಡಿದು ನಿಂತ ಹಾಗೆ ಮುಖಗಳು ಬರುತ್ತವೆ. ಫೋಟೊಗಳ ಹಿಂದೆ ಹೆಸರಿಲ್ಲ, ನಂಬರುಗಳಿವೆ. ಹೊರಗಿನವರಿಗೆ ಇದು ವಿಚಿತ್ರ. “ಸಿಸ್ಟರ್, ಇದೇನು ಜೈಲಾ?” ಎಂದಳು ದಾರಿಯಾ. “ಜೈಲಲ್ಲಮ್ಮ, ನೂರಾ ಇಪ್ಪತ್ತು ಹುಡುಗೀರ ಕಾಲುಚೀಲ ಒಗೆದು ನೋಡು, ಆಗ ಗೊತ್ತಾಗತ್ತೆ” ಎಂದೆ. ಹಾಸ್ಟೆಲಿಗೆ ಬಂದವಳಿಗೆಲ್ಲ ಒಂದು ನಂಬರು. ಲಂಗ, ಟವೆಲು, ದಿಂಬಿನ ಚೀಲ, ಎಲ್ಲದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಅದೇ ನಂಬರು. ಹೆಸರು ಮರೆತರೂ ನಂಬರು ಮರೆಯುತ್ತಿರಲಿಲ್ಲ ನಾವು. ಒಬ್ಬಳು ಹೋದರೆ ಅವಳ ಹಾಸಿಗೆಯೂ ನಂಬರೂ ಮುಂದಿನವಳಿಗೆ.

‘ನಲವತ್ತೇಳು ಯಾರು ಸಿಸ್ಟರ್?’ ಎಂದಾಗ ನನ್ನ ಬಾಯಿಗೆ ನಿನ್ನ ಹೆಸರೇ ಬಂತು. ನಿನಗಿಂತ ಮೊದಲು ಆ ನಂಬರು ಟ್ರಿಯೆಸ್ಟ್‌ನ ನೇವಿಯಾ ಕೊಸ್ಸುತ್ತಾಳದಾಗಿತ್ತು. ಮನೆಗೆ ಕಳುಹಿಸಿದ್ದು ಅವಳನ್ನು. ಅವಳು ಹೋದ ಮೇಲೆ, ಈಸ್ಟರ್ ರಜೆ ಮುಗಿದು ನೀನು ಹಾಸ್ಟೆಲಿಗೆ ಬಂದೆ. ಅದಕ್ಕೆ ಮೊದಲು ನೀನು ದಿನಾ ಕೊಲ್ಮಾಯೆರ್‌ನಿಂದ ನಡೆದು ಬರುತ್ತಿದ್ದವಳಲ್ಲವೇ? ಒದ್ದೆ ಬೂಟಿನ ಹುಡುಗಿ.

ದಾರಿಯಾಳಿಗೆ ಹೇಳಿದ್ದೇನೆ. ನಿನ್ನ ಹೆಸರು ತೆಗೆದು ನೇವಿಯಾಳ ಹೆಸರು ಹಾಕುತ್ತಾಳೆ.

ಒಂದು ಮಾತು ಕೇಳಬೇಕಿತ್ತು. ಆ ದಿನ ಗಂಟೆ ಎಷ್ಟು ಏಟು ಬಿತ್ತು, ನಿನಗೆ ನೆನಪಿದೆಯೇ?

ಇವತ್ತು ಸತ್ತವರ ಹಬ್ಬ. ನಿನ್ನ ಅಮ್ಮನಿಗೂ ಒಂದು ಮೇಣದಬತ್ತಿ ಹಚ್ಚಿದೆ.

ಆಶೀರ್ವಾದಗಳೊಂದಿಗೆ,
ಸಿಸ್ಟರ್ ಎರ್ಮೆಲಿಂದಾ


ಕೊಲ್ಮಾಯೆರ್
20 ನವೆಂಬರ್ 2024

ಪೂಜ್ಯ ಸಿಸ್ಟರ್,

ತಿದ್ದಿದ್ದಾರೆ. ನೋಡಿದೆ. ಉಪಕಾರವಾಯಿತು.

ಎಷ್ಟು ಏಟು ಎಂದು ನನಗೆ ಹೇಗೆ ಗೊತ್ತಿರಬೇಕು? ಆ ದಿನ ನಾನು ಮನೆಯಲ್ಲಿದ್ದೆ.

ಇಲ್ಲಿ ಮೊದಲ ಹಿಮ ಬಿದ್ದಿದೆ. ಚಳಿಗೆ ಜೋಪಾನ.

ಇಲ್ಡಾ


ಉದಿನೆ
6 ಜನವರಿ 2025

ಮಗಳೇ ಇಲ್ಡಾ,

ಕ್ರಿಸ್‌ಮಸ್‌ಗೆ ನಿನ್ನ ಕಾಗದ ಬರಲಿಲ್ಲ. ಹಿಮದಲ್ಲಿ ಅಂಚೆ ತಡವಾಗಿರಬೇಕು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭ.

ಈಚೆಗೆ ನಾನು ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತೇನೆ. ಕಣ್ಣು ಮುಚ್ಚಿದರೆ ಸಾಕು, ಕಾಲೇಜಿನಲ್ಲಿರುತ್ತೇನೆ. ಯಾರೂ ಇಲ್ಲ, ಆದರೆ ಎಲ್ಲ ಬಾಗಿಲೂ ತೆರೆದಿವೆ. ಅಟ್ಟಕ್ಕೆ ಹೋಗುತ್ತೇನೆ. ಹಗ್ಗದ ಮೇಲೆ ಒಗೆದ ಹಾಸಿಗೆಬಟ್ಟೆಗಳು ಉದ್ದಕ್ಕೂ ತೂಗುತ್ತಿವೆ, ಹಿಂದೆ ಯಾರೋ ಉಸಿರಾಡುವಂತೆ ಒಂದೊಂದು ಬಟ್ಟೆ ಉಬ್ಬುತ್ತದೆ, ಇಳಿಯುತ್ತದೆ. ನಾನು ಸರಿಸಿ ನೋಡುವುದಿಲ್ಲ. ಬೂದಿನೀರು, ಲ್ಯಾವೆಂಡರಿನ ವಾಸನೆ ಮೂಗಿನಲ್ಲೇ ಉಳಿದಿರುವಾಗ ಎಚ್ಚರವಾಗುತ್ತದೆ. ಇಲ್ಲಿನ ನರ್ಸಮ್ಮ, “ಎಲ್ಲಿಗ್ ಹೋಗಿದ್ರಿ ಸಿಸ್ಟರ್? ನಮ್ಮನ್ನೂ ಕರಕೊಂಡ್ ಹೋಗ್ಬಾರ್ದಾ?” ಎಂದು ನಗುತ್ತಾಳೆ.

ದಾರಿಯಾ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಒಂದು ಕೈವಸ್ತ್ರ ತಂದಿದ್ದಳು. ಊಟದ ಹೊತ್ತಿನಲ್ಲಿ ಮಡಿಲಿಗೆ ಹಾಸಿಕೊಳ್ಳುತ್ತಿದ್ದಿರಲ್ಲ, ಅದು. ಮೂಲೆಯಲ್ಲಿ 47. ಏಳರ ಬಾಲ ಸ್ವಲ್ಪ ಸೊಟ್ಟಗಿದೆ, ನನ್ನ ಹೊಲಿಗೆಯೇ. ಫೋಟೊ ತೆಗೆದುಕೊಂಡು ವಸ್ತ್ರ ನನಗೇ ಬಿಟ್ಟುಹೋದಳು. ಇದರಲ್ಲಿ ನೇವಿಯಾ ಬಾಯಿ ಒರೆಸಿಕೊಂಡಿದ್ದಾಳೆ, ಆಮೇಲೆ ನೀನೂ. ನಿನಗೆ ಕಳುಹಿಸುತ್ತಿದ್ದೇನೆ.

ಎರಡು ಏಟು, ಮಗಳೇ. ನಾನು ಎಣಿಸಿದ್ದೆ.

ಸಿಸ್ಟರ್ ಎರ್ಮೆಲಿಂದಾ


ಕೊಲ್ಮಾಯೆರ್
2 ಫೆಬ್ರವರಿ 2025

ಪೂಜ್ಯ ಸಿಸ್ಟರ್,

ಕೈವಸ್ತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಮತ್ತೆ ತೆಗೆದೆ. ಬೆಕ್ಕು ಅದರ ಮೇಲೆ ಮಲಗಿದರೆ ಓಡಿಸುತ್ತೇನೆ. ಇನ್ನು ಬರೆಯದೆ ಇರಲು ಆಗುವುದಿಲ್ಲ.

ಗಂಟೆ ಬಾರಿಸಿದವಳು ನಾನೇ.

ನಮ್ಮ ಅಮ್ಮ ಹೋದದ್ದು 1966ರಲ್ಲಿ, ಗಂಟೆ ಕಟ್ಟಿದ್ದ ವಾರದಲ್ಲೇ. ಶುಭ ಶುಕ್ರವಾರ ಮಣ್ಣು ಮಾಡಿದರು. ನಮ್ಮ ಕಣಿವೆಯಲ್ಲಿ ಗಂಡಸು ಸತ್ತರೆ ಮೂರು ಏಟು, ಹೆಂಗಸು ಸತ್ತರೆ ಎರಡು. ಅದು ಕೇಳಿದರೇ ಮೇಲಿನ ಹುಲ್ಲುಗಾವಲಿನಲ್ಲಿದ್ದವರೂ ಕೆಲಸ ನಿಲ್ಲಿಸಿ ಟೊಪ್ಪಿಗೆ ತೆಗೆಯುವುದು. ಅಮ್ಮನಿಗೆ ಅದೂ ಸಿಗಲಿಲ್ಲ. ಪಾದ್ರಿಗಳು ಅಪ್ಪನಿಗೆ, “ಏನ್ ಮಾಡೋದಪ್ಪಾ, ಸ್ವಾಮಿಗೇ ಗಂಟೆ ಇಲ್ಲದ ದಿನ” ಎಂದರು. ಅಪ್ಪ ತಲೆಯಾಡಿಸಿದ. ಮರದ ಹಲಗೆ ಬಡಿಯುತ್ತ ಅಮ್ಮನನ್ನು ಕರೆದೊಯ್ದರು, ಹೊಲದಲ್ಲಿ ಹಕ್ಕಿ ಓಡಿಸುವ ಸದ್ದಿನ ಹಾಗೆ.

ಮರುವರ್ಷದ ಶುಭ ಶುಕ್ರವಾರ ಹಾಡುವುದಕ್ಕೆಂದು ನನ್ನನ್ನೂ ಕಾಲೇಜಿಗೆ ಕರೆಸಿದ್ದಿರಿ. ನಾನು ಮನೆಯಲ್ಲಿದ್ದೆ ಎಂದು ನವೆಂಬರಿನಲ್ಲಿ ಬರೆದದ್ದು ಹಸಿ ಸುಳ್ಳು. ಮೂರು ಗಂಟೆಯ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಸುಮ್ಮನಾಯಿತು. ಅಷ್ಟು ಮೌನವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಕಾಲು ತಾನಾಗಿ ಅಟ್ಟ ಹತ್ತಿತು. ಅಲ್ಲಿ ಇಳಿಬಿದ್ದಿದ್ದ ಕಾಲೇಜಿನ ಗಂಟೆಯ ಹಗ್ಗಕ್ಕೆ ನೇರಳೆ ಪಟ್ಟಿ ಸುತ್ತಿ ಗಂಟು ಹಾಕಿದ್ದರು. ಬಿಚ್ಚಿದೆ. ಎರಡೇ ಸಲ ಎಳೆದೆ ಸಿಸ್ಟರ್. ಅಮ್ಮನಿಗೆ ಸಲ್ಲಬೇಕಾದಷ್ಟೇ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಒಗೆದ ಬಟ್ಟೆಗಳ ಹಿಂದೆ ಹೋಗಿ ನಿಂತೆ. ಮೊದಲು ಬಂದವಳು ನೇವಿಯಾ. ಅವಳ ಹಿಂದೆಯೇ ಮದರ್ ಸುಪೀರಿಯರ್. “ಯಾರು ಬಾರಿಸಿದ್ದು?” ಎಂದರು. ನೇವಿಯಾ ತನ್ನ ಊರಿನ ಆ ಎಳೆಯುವ ದನಿಯಲ್ಲಿ ಹೇಳಿದಳು: “ನಾನೇ ಮದರ್. ಕೈ ತುರಿಸ್ತಾ ಇತ್ತು.”

ಬಟ್ಟೆಯ ಹಿಂದೆ ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಹೆದರಿಕೆಯಿಂದ ಎಂದು ಐವತ್ತೆಂಟು ವರ್ಷ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಅವಳನ್ನು ಕಳುಹಿಸಿದರೆ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದು ಆ ಕ್ಷಣದಲ್ಲೇ ಹೊಳೆದಿತ್ತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹಿಮದಲ್ಲಿ ನಡೆದು ನನಗೆ ಸಾಕಾಗಿಹೋಗಿತ್ತು. ಮುಂದಿನ ಚಳಿಗಾಲ ಅಪ್ಪ ಕಾಲೇಜು ಬಿಡಿಸುವವನಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾನು ಮಕ್ಕಳಿಗೆ ಗಾದೆ ಕಲಿಸುವಾಗೆಲ್ಲ ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದೆ.

ಆಮೇಲೆ ಅವಳ ಹಾಸಿಗೆಯಲ್ಲೇ ಮಲಗಿದೆ, ಅವಳ ನಂಬರಿನ ದಿಂಬಿನ ಮೇಲೆ. ಒಂದು ಕಾಗದವನ್ನೂ ಬರೆಯಲಿಲ್ಲ ಅವಳಿಗೆ.

ಟಿಪ್ಪಣಿಯ ಆ ತಪ್ಪಿನಲ್ಲೇ ಮೊದಲ ಸಲ ನಿಜ ಹೊರಬಿದ್ದಿತ್ತು, ಅಲ್ಲವೇ? ನಾನು ಜಗಳವಾಡಿ ಅದನ್ನೂ ಅಳಿಸಿಹಾಕಿಸಿದೆ. ಲೋಕಕ್ಕೆಲ್ಲ ಕಾಣುವಂತೆ ಎರಡನೆಯ ಸಲ ಅವಳ ತಲೆಗೆ ಕಟ್ಟಿದೆ. ಮೊದಲ ಸಲ ನಾನು ಹದಿನೈದು ವರ್ಷದವಳು ಎನ್ನಬಹುದಿತ್ತು. ಈ ಸಲ ಏನೆನ್ನಲಿ?

ನನ್ನ ಹೆಸರನ್ನೇ ಮತ್ತೆ ಹಾಕಿಸಿ. ಟೀಟಾ ನಗಲಿ.

ಇಲ್ಡಾ


ಉದಿನೆ
25 ಫೆಬ್ರವರಿ 2025

ಮಗಳೇ,

ನನಗೆ ಗೊತ್ತಿತ್ತು.

ಆ ಸಂಜೆ ಅಟ್ಟದಲ್ಲಿ ಬಟ್ಟೆ ತೆಗೆಯುವಾಗ ಒಂದು ಹಾಸಿಗೆಬಟ್ಟೆಯ ಅಂಚಿನಲ್ಲಿ ಎರಡು ಪುಟ್ಟ ಕೈಗಳ ಗುರುತಿತ್ತು. ಹಗ್ಗದ ಧೂಳು, ಜಿಡ್ಡು. ಯಾರೋ ಅದನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದರು. ಎರಡು ಏಟಿನ ಅರ್ಥ ಟ್ರಿಯೆಸ್ಟ್‌ನ ಹುಡುಗಿಗೆ ಗೊತ್ತಿರುವುದು ಹೇಗೆ? ಮರುದಿನವೂ ನೀನು ಹಾಡಲು ಬಂದಿದ್ದೆ; ಗಂಟೆ ಬಿಚ್ಚಿ ಬಾರಿಸಿದೊಡನೆ ಹುಡುಗಿಯರೆಲ್ಲ ಪದ್ಧತಿಯಂತೆ, ದುಃಖದ ದಿನ ಮುಗಿಯಿತೆಂದು, ಕಣ್ಣು ತೊಳೆಯಲು ಕಲ್ಲುತೊಟ್ಟಿಗೆ ಓಡಿದರು. ನೀನೊಬ್ಬಳು ಗೋಡೆಗೆ ಒರಗಿ ನಿಂತಿದ್ದೆ.

ನಾನು ಆ ಬಟ್ಟೆಯನ್ನು ಯಾರಿಗೂ ತೋರಿಸದೆ ಮತ್ತೆ ಒಗೆದುಬಿಟ್ಟೆ. ಅದು ನನ್ನ ಪಾಪ, ನಿನ್ನದಕ್ಕಿಂತ ದೊಡ್ಡದು. ನನಗೆ ಆಗ ಮೂವತ್ತೆರಡು. ಮದರ್ ಸುಪೀರಿಯರ್ ಆಗಲೇ ನೇವಿಯಾಳ ತಂದೆಗೆ ತಂತಿ ಕಳುಹಿಸಿಯಾಗಿತ್ತು. ಒಬ್ಬಳನ್ನು ಉಳಿಸಲು ಇನ್ನೊಬ್ಬಳನ್ನು ಕೊಡಬೇಕಿತ್ತು. ತಾಯಿಯಿಲ್ಲದವಳನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ. ನೀನು ಹಾಸ್ಟೆಲಿಗೆ ಬರುವ ಹೊತ್ತಿಗೆ ನೂರಾ ಹನ್ನೆರಡನೆಯ ನಂಬರೂ ಖಾಲಿಯಾಗಿತ್ತು. ನಾನು ಬೇಕೆಂದೇ ನಲವತ್ತೇಳು ಕೊಟ್ಟೆ. ಮರೆಯದಿರಲಿ ಎಂದು. ನಂತರ ನೀನು ಟವೆಲಿನ ಆ ಮೂಲೆಯನ್ನು ಒಳಗೆ ಮಡಚಿ ಹಿಡಿಯುವುದನ್ನು ಮೂರು ವರ್ಷ ನೋಡಿದೆ. ಎಷ್ಟೋ ಸಲ ದಾರ ಬಿಚ್ಚಿ ಬೇರೆ ನಂಬರು ಹೊಲಿಯಬೇಕೆನ್ನಿಸಿತು. ಹೊಲಿಯಲಿಲ್ಲ. ಕ್ಷಮಿಸು ಮಗಳೇ.

ಹೆಸರು ಹಾಕಿಸುವ ಮಾತು ನನಗೆ ಬರೆಯಬೇಡ. ಕೇಳಬೇಕಾದವಳು ಬದುಕಿದ್ದಾಳೆ. ಫೋಟೊ ಹಾಕಲು ಒಪ್ಪಿಗೆ ಕೇಳಿ ದಾರಿಯಾ ಎಲ್ಲ ಹಳೆಯ ಹುಡುಗಿಯರಿಗೂ ಕಾಗದ ಹಾಕುತ್ತಾಳೆ. ನೇವಿಯಾಳ ವಿಳಾಸವೂ ಸಿಕ್ಕಿದೆ, ಟ್ರಿಯೆಸ್ಟ್‌ನದೇ. ಉತ್ತರ ಇನ್ನೂ ಬಂದಿಲ್ಲ. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗಿಟ್ಟಿದ್ದೇನೆ.

ಸಿಸ್ಟರ್ ಎರ್ಮೆಲಿಂದಾ


ಕೊಲ್ಮಾಯೆರ್
5 ಮಾರ್ಚ್ 2025, ಬೂದಿ ಬುಧವಾರ

ನೇವಿಯಾ,

ನಾನು ಇಲ್ಡಾ. ಸಂತ ಅಪೊಲೋನಿಯಾದಲ್ಲಿ ಕೊನೆಯ ಬೆಂಚಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದವಳು. ನೀನು ನಿನ್ನ ಕಿತ್ತಳೆಹಣ್ಣಿನ ಅರ್ಧ ನನಗೆ ಕೊಡುತ್ತಿದ್ದೆ. ನಾನು ಸಿಪ್ಪೆಯನ್ನೂ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದೆ.

ಆ ದಿನ ಗಂಟೆ ಬಾರಿಸಿದವಳು ನಾನು. ಹಿಂದಿನ ವರ್ಷ ಅಮ್ಮನನ್ನು ಗಂಟೆಯಿಲ್ಲದೆ ಮಣ್ಣು ಮಾಡಿದ್ದರು, ಅದಕ್ಕೆ. ಹೆಂಗಸಿಗೆ ಎರಡು ಏಟು. ನೀನು ‘ನಾನೇ’ ಎಂದಾಗ ನಾನು ನಾಲ್ಕು ಮಾರು ದೂರದಲ್ಲಿ, ಬಟ್ಟೆಯ ಹಿಂದೆ ನಿಂತಿದ್ದೆ. ಸುಮ್ಮನಿದ್ದೆ. ಆಮೇಲೆ ನಿನ್ನ ಹಾಸಿಗೆ ತೆಗೆದುಕೊಂಡೆ. ಅದರಿಂದಲೇ ಓದು ಮುಗಿಸಿದೆ, ಟೀಚರ್ ಆದೆ.

ಕಾಲೇಜಿನ ಡಿಜಿಟಲ್ ಸಂಗ್ರಹದಲ್ಲಿ ನಿನ್ನ ಹೆಸರಿನ ಕೆಳಗೆ ಆ ಸಾಲಿದೆ. ಅದನ್ನು ತೆಗೆದು ನನ್ನ ಹೆಸರು ಹಾಕಿಸಿ, ಪೂರ್ತಿ ಕಥೆ ಬರೆಸುತ್ತೇನೆ. ನಿನ್ನ ಒಪ್ಪಿಗೆ ಬೇಕು. ಬೈಯಬೇಕೆನಿಸಿದರೆ ಬೈದೇ ಬರೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಇಲ್ಡಾ ಗೊರ್ತಾನಿ


ಟ್ರಿಯೆಸ್ಟ್
2 ಏಪ್ರಿಲ್ 2025

ಇಲ್ಡಾ ಮಹಾತಾಯಿ,

ಐವತ್ತೆಂಟು ವರ್ಷ ಬೇಕಾಯಿತೇನೇ ನಿನಗೆ ಅಂಚೆಚೀಟಿ ಹುಡುಕಲು?

ಮೊದಲು ಬೈಗುಳ ಮುಗಿಸಿಬಿಡುತ್ತೇನೆ, ನೀನೇ ಕೇಳಿದ್ದೀಯ. ಮನೆಗೆ ಬಂದ ಮೇಲೆ ಎರಡು ವರ್ಷ ಅಂಚೆಯವನ ಸೈಕಲ್ ಬೆಲ್ಲಿಗೆ ಕಿವಿ ಕೊಟ್ಟು ಕೂತಿದ್ದೆ. ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬಟ್ಟೆಯ ಹಿಂದೆ ನೀನಿದ್ದದ್ದು ನನಗೆ ಗೊತ್ತೇ ಇತ್ತು, ಪೆದ್ದಿ. ಬಟ್ಟೆಯ ಕೆಳಗೆ ಒದ್ದೆ ಬೂಟು ಕಾಣುತ್ತಿತ್ತು. ಇಡೀ ಕಾಲೇಜಿನಲ್ಲಿ ಒದ್ದೆ ಬೂಟಿನವಳು ನೀನೊಬ್ಬಳೇ.

ನಾನೇನು ಸಂತಳಲ್ಲ. ಸಮುದ್ರ ಕಾಣದ ಆ ಊರಿನಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಒಂದೆರಡು ವಾರ ಮನೆಗೆ ಕಳುಹಿಸುತ್ತಾರೆ, ಮೀನು ತಿಂದು ವಾಪಸು ಬರೋಣ ಎಂದುಕೊಂಡು ನಾಲಿಗೆ ಹರಿಬಿಟ್ಟೆ. ಪೂರ್ತಿ ಓಡಿಸುತ್ತಾರೆ ಎಂದು ಯಾರು ಕಂಡಿದ್ದರು? ಅಪ್ಪ ಒಂದು ವರ್ಷ ನನ್ನೊಂದಿಗೆ ಮಾತಾಡಲಿಲ್ಲ. ಬಂದರಿನ ಗೋದಾಮಿನಲ್ಲಿ ಕಾಫಿಬೀಜ ಆರಿಸುವ ಕೆಲಸಕ್ಕೆ ಸೇರಿದೆ. ಕರಿದು, ಒಡಕು, ಹುಳ ಹಿಡಿದದ್ದು ಬೇರೆ ಮಾಡುತ್ತ ಮಾಡುತ್ತ ದಿನಾ ನಿನ್ನನ್ನು ಬೈಯುತ್ತಿದ್ದೆ. ನೀನು ಕರಿಹಲಗೆಯ ಮುಂದೆ ನಿಂತಿರುತ್ತೀಯ, ನಾನು ಇಲ್ಲಿ ಕೂತಿದ್ದೇನೆ ಎಂದು. ಹತ್ತು ವರ್ಷ ಬೈದೆ. ಆಮೇಲೆ ಮದುವೆ, ಮಕ್ಕಳು, ಬೈಯುವುದಕ್ಕೆ ಹತ್ತಿರದವರೇ ಸಿಕ್ಕರು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಒಪ್ಪುವುದಿಲ್ಲ.

ಕೇಳು. ಗೋದಾಮಿನಲ್ಲಿ ಹೆಂಗಸರೆಲ್ಲ ಕೂತು ಬೀಜ ಆರಿಸುವಾಗ ಕಥೆ ಹೇಳಬೇಕು, ಇಲ್ಲದಿದ್ದರೆ ಹೊತ್ತು ಹೋಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಕಥೆ. ‘ಶುಭ ಶುಕ್ರವಾರ ನಾನು ಗಂಟೆ ಬಾರಿಸಿದೆ.’ ಮೊದಲು ಸುಳ್ಳೆಂದು ಗೊತ್ತಿದ್ದೇ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಹಗ್ಗ ಅಂಗೈಗೆ ಒರಟಾಗಿ ತಾಗಲು ಶುರುವಾಯಿತು. ಕನಸಿನಲ್ಲೂ ಎಳೆಯುತ್ತಿದ್ದೆ. ನನ್ನ ಕಥೆಯಲ್ಲಿ ಗಂಟೆ ಹನ್ನೆರಡು ಸಲ ಬಡಿಯುತ್ತದೆ, ಬಿಷಪ್ಪರ ಟೊಪ್ಪಿಗೆ ಬಿದ್ದುಹೋಗುತ್ತದೆ! ಪ್ರತಿ ಈಸ್ಟರ್‌ಗೆ ಮೊಮ್ಮಕ್ಕಳು ಸುತ್ತ ಕೂತು, “ನೊನ್ನಾ, ಗಂಟೆ ಕಥೆ ಹೇಳು, ಹಗ್ಗ ಎಳ್ದಿದ್ ಹೇಳು” ಎಂದು ಪೀಡಿಸುತ್ತಾರೆ. ಗ್ರಂಥಾಲಯದವಳು ನನ್ನ ಹೆಸರು ಹಾಕಿದ ಮೇಲೆ ಅವರೇ ಅದನ್ನು ಹುಡುಕಿ, ದೊಡ್ಡದಾಗಿ ಅಚ್ಚು ಹಾಕಿಸಿ, ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. ನನ್ನ ಬದುಕಿನಲ್ಲಿ ಅಚ್ಚಾಗಿರುವುದು ಅದೊಂದೇ.

ಈಗ ನೀನು ಬಂದು ‘ಅದು ನಾನು’ ಎನ್ನುತ್ತೀಯ? ಆವತ್ತು ನನ್ನ ಹಾಸಿಗೆ ತೆಗೆದುಕೊಂಡೆ. ಈಗ ನನ್ನ ಗಂಟೆಯನ್ನೂ ತೆಗೆದುಕೊಳ್ಳುತ್ತೀಯಾ?

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಕಾಫಿ ಕುಡಿದು ಬಂದೆ. ನಿನ್ನ ಅಮ್ಮನ ವಿಷಯ ನನಗೆ ಗೊತ್ತಿರಲಿಲ್ಲ ಕಣೇ. ತುಂಟಾಟಕ್ಕೆ ಬಾರಿಸಿದ್ದೀಯ ಎಂದೇ ಅಂದುಕೊಂಡಿದ್ದೆ. ಆ ಮಧ್ಯಾಹ್ನ ಕೆಳಗಿನ ಬೀದಿಯ ಹೆಂಗಸರು ಕೆಲಸ ಬಿಟ್ಟು ನಿಂತು ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ಅಟ್ಟದ ಕಿಟಕಿಯಿಂದ ನೋಡಿದ್ದೆ. ಯಾಕೆಂದು ಈಗ ತಿಳಿಯಿತು. ಇನ್ನು ಮೊಮ್ಮಕ್ಕಳಿಗೆ ಹನ್ನೆರಡು ಏಟು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದನ್ನೂ ಹಾಳು ಮಾಡಿದೆ ನೀನು.

ಈಸ್ಟರ್ ಮುಗಿದ ಸೋಮವಾರ ಬಸ್ಸಿದೆಯಂತೆ. ಮುಖಾಮುಖಿ ಜಗಳವಾಡೋಣ. ಒಣಗಿದ ಬೂಟು ಹಾಕಿಕೊಂಡು ಬಾ.

ನೇವಿಯಾ


ಕೊಲ್ಮಾಯೆರ್
22 ಏಪ್ರಿಲ್ 2025

ಪೂಜ್ಯ ಸಿಸ್ಟರ್ ಎರ್ಮೆಲಿಂದಾ,

ಯೋಗಕ್ಷೇಮ ಆಮೇಲೆ ಕೇಳುತ್ತೇನೆ, ಬೈಯಬೇಡಿ. ನೇವಿಯಾ ನನ್ನ ಅಡುಗೆಮನೆಯಲ್ಲಿ ಕೂತು, ನಾನು ಮಾಡಿದ ಫ್ರಿಕೊದಲ್ಲಿ ಚೀಸು ಸಾಲದು ಎಂದು ಹೇಳುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾಳೆ. ಮೂರು ದಿನ ಇರುತ್ತಾಳಂತೆ. ನನ್ನ ಹಾಸಿಗೆ ಅವಳಿಗೆ ಕೊಟ್ಟು ನಾನು ಬೆಂಚಿನ ಮೇಲೆ ಮಲಗಿದ್ದೆ. “ಅಯ್ಯೋ, ಲೆಕ್ಕ ಚುಕ್ತಾ ಮಾಡ್ತಿದೀಯಾ?” ಎಂದು ಹೊದಿಕೆಯೊಳಗಿಂದಲೇ ಅಣಕಿಸಿದಳು.

ನಿನ್ನೆ ಬಸ್ಸಿನಿಂದ ಇಳಿದವಳನ್ನು ನಾನು ಗುರುತು ಹಿಡಿಯಲಿಲ್ಲ. ಅವಳು ನನ್ನ ಕಾಲು ನೋಡಿ ಗುರುತು ಹಿಡಿದಳು. ನಾನು ಜೇಬಿನಿಂದ ಕಿತ್ತಳೆಹಣ್ಣು ತೆಗೆದು ಅರ್ಧ ಕೊಟ್ಟೆ. ತಿಂದಳು. ಸಿಪ್ಪೆಯನ್ನು ನನ್ನ ಜೇಬಿಗೆ ಹಾಕಿದಳು. ಇಬ್ಬರೂ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತೆವು.

ಆಮೇಲೆ ದಾರಿಯಾ ಕಾಲೇಜಿನ ಬೀಗ ತೆಗೆದಳು. ಒಳಗೆ ನಿಮ್ಮ ತೂಕಡಿಕೆಯಲ್ಲಿ ಬರುವ ಹಾಗೇ ಇತ್ತು ಸಿಸ್ಟರ್, ಯಾರೂ ಇಲ್ಲ, ಎಲ್ಲ ಬಾಗಿಲೂ ತೆರೆದಿವೆ. ಅಟ್ಟದಲ್ಲಿ ಬಟ್ಟೆ ಒಣಹಾಕುವ ಹಗ್ಗಗಳು ಹಾಗೇ ಇವೆ, ಬಟ್ಟೆಯಿಲ್ಲ. ಸಂಗ್ರಹಕ್ಕೆ ಗಂಟೆಯ ದನಿಯೂ ಬೇಕು, ಯಾರಾದರೂ ಬಾರಿಸಿದರೆ ಹಿಡಿದಿಟ್ಟುಕೊಳ್ಳುತ್ತೇನೆ ಎಂದು ದಾರಿಯಾ ಯಂತ್ರ ಮುಂದೆ ಹಿಡಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ನೀನು ಬಾರಿಸು,” ಎಂದೆ. “ನಿನ್ನ ಗಂಟೆ.”

“ಹೂಂ, ಬಾರಿಸ್ತೀನಿ. ಆದ್ರೆ ನಂಗೆ ಬಾರ್ಸಕ್ಕೇ ಬರಲ್ಲ ಕಣೇ,” ಎಂದಳು ನೇವಿಯಾ. “ಒಂದ್ ಸಲಾನೂ ಮುಟ್ಟಿಲ್ಲ ನಾನು. ಹೆಂಗೆ ಅಂತ ಮೊದ್ಲು ನೀನ್ ತೋರ್ಸು.”

ಮೊದಲ ಏಟು ನಾನು. ಎರಡನೆಯದು ಅವಳು. ಅಷ್ಟೇ. ಕೆಳಗಿನ ಬೀದಿಯಲ್ಲಿ ಒಬ್ಬ ಮುದುಕ ನಿಂತು ಟೊಪ್ಪಿಗೆ ತೆಗೆದ. ಅಮ್ಮನಿಗೆ ಸಲ್ಲಬೇಕಾದದ್ದು ಕದ್ದುಮುಚ್ಚಿಯಲ್ಲ, ಎಲ್ಲರಿಗೂ ಕೇಳುವಂತೆ ಸಂದಿತು. ಇಳಿದು ಬಂದು ಅಂಗಳದ ಕಲ್ಲುತೊಟ್ಟಿಯಲ್ಲಿ ಕಣ್ಣು ತೊಳೆದುಕೊಂಡೆ. ಐವತ್ತೆಂಟು ವರ್ಷ ತಡವಾಯಿತು, ನೀರು ಅಷ್ಟೇ ತಣ್ಣಗಿದೆ.

ಹೆಸರಿನ ವಿಷಯಕ್ಕೆ ಎರಡು ತಾಸು ಜಗಳವಾಡಿದೆವು. ನಿಜ ಬರೆದರೆ ಅವಳ ಕಥೆ ಹೋಗುತ್ತದೆ. ಅವಳ ಹೆಸರು ಇಟ್ಟರೆ ನನ್ನ ನಿದ್ದೆ ಹೋಗುತ್ತದೆ. ಕೊನೆಗೆ ನೇವಿಯಾ ಶಿಸ್ತಿನ ಪುಸ್ತಕದ ಮೂಲ ಪುಟವನ್ನೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ನೋಡಿದಳು. ಅಲ್ಲಿ ಯಾರ ಹೆಸರೂ ಇರಲೇ ಇಲ್ಲವಲ್ಲ ಸಿಸ್ಟರ್. ಹೆಸರು ಸೇರಿಸಿದವರು ನಾವು. ಟಿಪ್ಪಣಿಯನ್ನು ತೆಗೆದುಬಿಡಿ, ಪುಸ್ತಕದಲ್ಲಿದ್ದಷ್ಟನ್ನೇ ಇಡಿ ಎಂದು ದಾರಿಯಾಳಿಗೆ ಬರೆದುಕೊಟ್ಟಿದ್ದೇವೆ. ಒಂದೇ ಮಾತು ಸೇರಿಸಿದ್ದೇವೆ. ಈಗ ಅದು ಹೀಗಿದೆ:

‘24 ಮಾರ್ಚ್ 1967. ನಂ. 47 ಗಂಟೆ ಬಾರಿಸಿದಳು. ಮನೆಗೆ ಕಳುಹಿಸಲಾಗಿದೆ.’ ಅದರ ಕೆಳಗೆ ನಮ್ಮ ಮಾತು: ‘ಎರಡು ಏಟು.’

ಗುರುವಾರ ದಾರಿಯಾ ನಿಮಗೆ ಆ ದನಿ ಕೇಳಿಸುತ್ತಾಳೆ. ಎಣಿಸಿಕೊಳ್ಳಿ.

ಯೋಗಕ್ಷೇಮಕ್ಕೆ ಬರೆಯಿರಿ. ನಾವಿಬ್ಬರೂ ಚೆನ್ನಾಗಿದ್ದೇವೆ.

ನಿಮ್ಮ
47
47